ಸೀರು ಆರಿಸುವ ಕೈ

ಭಾನುವಾರ ತಲೆಗೆ ಎರೆದುಕೊಂಡ ಮೊಮ್ಮಗಳನ್ನು ಸಾವಂತ್ರೆವ್ವ ಹೊಸ್ತಿಲ ಬಿಸಿಲಿಗೆ ಕೂರಿಸಿಕೊಂಡು, ಒತ್ತು ಹಲ್ಲಿನ ಸೀರಣಿಗೆ ಹಿಡಿದು ಕೂದಲು ಬಿಡಿಸುತ್ತಿದ್ದಳು. ಕೈಗಿಂತ ಬಾಯಿ ಚುರುಕಾಗಿತ್ತು.

“ಈ ತಲಿ ಎಣ್ಣಿ ಕಂಡು ಎಂಟು ದಿನ ಆತು. ಬೈತಲಿ ಸೊಟ್ಟ. ರಿಬ್ಬನ್ ಒಂದು ಉದ್ದ, ಒಂದು ಗಿಡ್ಡ. ನಿಮ್ಮವ್ವಗ ಮೊಬೈಲ್ ನೋಡಾಕ ಕಣ್ಣದಾವು, ಮಗಳ ತಲಿ ನೋಡಾಕ ಇಲ್ಲ.”

“ಆಯೀ, ನೋಯ್ತೈತಿ!” ವಿದ್ಯಾಶ್ರೀ ತಲೆ ಎಳೆದುಕೊಂಡಳು. ಅವಳು ಎಂಟನೆಯ ಇಯತ್ತೆ.

“ಹೇನು ಕಡದ್ರ ನೋಯಂಗಿಲ್ಲೇನು? ಸುಮ್ಮ ಕುಂಡ್ರ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಸೊಸೆ ರೋಹಿಣಿ ಹಂಚಿನ ಮೇಲಿನ ರೊಟ್ಟಿಯನ್ನು ತುಸು ಜೋರಾಗಿಯೇ ಮಗುಚಿದಳು. ಅವಳು ಬೆಟಗೇರಿಯ ಈ ನೇಕಾರರ ಮನೆ ಸೇರಿ ಹದಿನಾಲ್ಕು ವರ್ಷವಾಗಿತ್ತು. ತವರಿನವರೂ ಅದೇ ಕುಲದವರೇ. ಆದರೆ ಎರಡು ತಲೆಮಾರಿನಿಂದ ಲಕ್ಷ್ಮೇಶ್ವರದಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡವರು, ಮಗ್ಗ ಮುಟ್ಟಿದವರಲ್ಲ.

ಈ ಮನೆಯಲ್ಲೂ ಉಳಿದಿದ್ದುದು ಒಂದೇ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಆ ಮಗ್ಗದಲ್ಲಿ ಮಾವ ಪಾಂಡಪ್ಪ ನಲವತ್ತೈದು ವರ್ಷ ಕೂತಿದ್ದ. ಶ್ರಾವಣದಲ್ಲಿ ಕಣ್ಣಿನ ಆಪರೇಶನ್ ಆದ ಮೇಲೆ ಅವನಿಗೆ ಸಣ್ಣ ಎಳೆ ಕಾಣದಾಯಿತು. ರೋಹಿಣಿಯ ಗಂಡ ಸುನಿಲಕುಮಾರ ಗದಗಿನಲ್ಲಿ ಬೈಕಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಕುಣಿ ಮುಚ್ಚಿ, ಮಗ್ಗದ ಖೋಲಿಯನ್ನು ಮಗಳ ಓದಿಗೆ ಬಿಡಬೇಕೆಂಬುದು ಅವನ ಹಟ. ರೋಹಿಣಿಯದು ಅದಕ್ಕೆ ಎದುರು ಹಟ. ಆಪರೇಶನ್ ಆದಾಗಿನಿಂದ ಅವಳು ಮಾವನ ಹತ್ತಿರ ನೇಯ್ಗೆ ಕಲಿಯುತ್ತಿದ್ದಳು. ಈ ಮನೆಯಲ್ಲಿ ತನ್ನದೆಂದು ಅವಳಿಗೆ ಸಿಕ್ಕ ಜಾಗವಿದ್ದರೆ ಅದು ಆ ಕುಣಿ ಒಂದೇ.

ಕೊನೆಗೆ ನೇಕಾರರ ಸಂಘದ ಪ್ರಭುಲಿಂಗ ಒಂದು ಮಾತು ಕೊಟ್ಟಿದ್ದ. ಸಂಕ್ರಾಂತಿಯೊಳಗೆ ರೋಹಿಣಿ ತಾನೊಬ್ಬಳೇ ಒಂದು ಪಟ್ಟೇದ ಅಂಚಿನ ಸೀರೆ ನೇಯ್ದು ತೋರಿಸಲಿ. ಪಾಸಾದರೆ ಪ್ರತಿ ತಿಂಗಳು ಅವಳ ಹೆಸರಿನಲ್ಲೇ ನೂಲು ಬರುತ್ತದೆ, ಮಗ್ಗ ಉಳಿಯುತ್ತದೆ. ಇಲ್ಲವಾದರೆ ಕುಣಿಗೆ ಮಣ್ಣು.

ಹಿಂದಿನ ದಿನ ಶನಿವಾರ ಸಂಜೆ ಸಾವಂತ್ರೆವ್ವ ಎಂದಿನಂತೆ ಮಗ್ಗದ ಬಳಿ ಬಂದು, ನೇಯ್ದ ಬಟ್ಟೆಯ ಅಡಿಗೆ ಅಂಗೈ ಹಾಕಿ ಸವರಿದ್ದಳು.

“ಕೈ ಹದಾ ಐತಿ. ಇವರ ಕೈಯೂ ಇಷ್ಟು ಹದಾ ಇದ್ದಿದ್ದಿಲ್ಲ. ಆದ್ರ ಕಣ್ಣು ಮಾತ್ರ ಎಲ್ಲೆರ ಇರ್ತೈತಿ. ಇಲ್ನೋಡು, ಗಂಟು.”

‘ಆದ್ರ’ ಎಂಬ ಮಾತು ಕಿವಿಗೆ ಬಿದ್ದಾಗಲೇ ರೋಹಿಣಿಯ ಮೈ ಉರಿದಿತ್ತು.

ಊಟವಾದ ಮೇಲೆ ವಿದ್ಯಾಶ್ರೀ ನೋಟ್‌ಬುಕ್ಕು ತಂದು ತಾಯಿಯ ಪಕ್ಕ ಕೂತಳು. ಅತ್ತೆ ಪಕ್ಕದ ಮನೆಯ ಕಟ್ಟೆಗೆ ಹೋಗಿದ್ದಳು.

“ಮಮ್ಮಿ, ಟೀಚರು ಒಬ್ಬೊಬ್ಬರಿಗೆ ಒಂದೊಂದು ಇಂಗ್ಲಿಷ್ ಕ್ರಿಯಾಪದ ಕೊಟ್ಟಾರ, ಅರ್ಥ ಬರೀಬೇಕಂತ. ಎಲ್ಲಿಂದ ಬಂತು ಅನ್ನೂದೂ ಬೇಕಂತ. ಆಮ್ಯಾಲೆ ಮನಿಯೊಳಗಿನ ಉದಾಹರಣಿ. ನನಗ ‘ನಿಟ್‌ಪಿಕ್’ ಬಂದೈತಿ.”

ರೋಹಿಣಿ ಫೋನಿನಲ್ಲಿ ಹುಡುಕಿದಳು. ‘ನಿಟ್’ ಎಂದರೆ ಸೀರು, ಹೇನಿನ ಮೊಟ್ಟೆ. ಆ ಪದಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸು. ‘ಪಿಕ್’ ಎಂದರೆ ಹೆಕ್ಕು, ಆರಿಸು. ಎರಡೂ ಕೂಡಿದ ಮಾತು ಮಾತ್ರ ತೀರ ಹೊಸದು. 1950ರ ಸುಮಾರಿಗೆ ಅಮೆರಿಕದ ಸೇನಾ ಕಚೇರಿಗಳಲ್ಲಿ, ಸಣ್ಣಪುಟ್ಟ ತಪ್ಪು ಹಿಡಿದು ಪೀಡಿಸುವವರನ್ನು ಹೀಗೆ ಕರೆಯುತ್ತಿದ್ದರಂತೆ. ಸೀರು ಆರಿಸುವಷ್ಟು ಸಣ್ಣದಾಗಿ ಹುಡುಕಿ, ಕ್ಷುಲ್ಲಕ ತಪ್ಪಿಗೆ ಗೊಣಗುವುದು ಎಂದು ಅರ್ಥ.

“ಅಮೆರಿಕಾದಾಗೂ ಹೇನು ಇರ್ತಾವು?”

“ತಲಿ ಇದ್ದಲ್ಲಿ ಹೇನು ಇದ್ದ ಇರ್ತಾವು.”

“ಉದಾಹರಣಿ?”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ರೋಹಿಣಿ ಬೆರಳು ಮಡಿಚುತ್ತ ವಾರದ ಲೆಕ್ಕ ಹೇಳಿದಳು, ಮಗಳು ಬರೆದಳು. ಸೋಮವಾರ, ರೊಟ್ಟಿ ದಪ್ಪ. ಮಂಗಳವಾರ, ಪುಂಡಿಪಲ್ಯಕ್ಕೆ ಉಪ್ಪು ಹೆಚ್ಚು. ಬುಧವಾರ, ಮೂಲೆಯಲ್ಲಿ ಕಸ. ಶನಿವಾರ, ಮಗ್ಗದಲ್ಲಿ ಕೂತರೆ ಕಣ್ಣು ಎಲ್ಲೋ ಇರುತ್ತದೆ. ಒಟ್ಟು ಹನ್ನೊಂದಾದವು. ಕೊನೆಗೆ ವಿದ್ಯಾಶ್ರೀ ತಾನಾಗಿಯೇ ಒಂದು ಸಾಲು ಸೇರಿಸಿದಳು: ನಮ್ಮ ಆಯಿ ಮನೆಯ ನಿಟ್‌ಪಿಕರ್.

ಬುಧವಾರ ಸಾವಂತ್ರೆವ್ವನ ಬಾಯಿ ಬಂದ್ ಆಯಿತು.

ಮೊದಲ ದಿನ ಯಾರಿಗೂ ತಿಳಿಯಲಿಲ್ಲ. ಎರಡನೆಯ ದಿನ ಬದನೆಕಾಯಿ ಎಣಗಾಯಿ ತಳ ಹಿಡಿದಿತ್ತು. ರೋಹಿಣಿ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡೇ ಬಡಿಸಿದಳು. ಅತ್ತೆ ತಾಟು ಖಾಲಿ ಮಾಡಿ ಎದ್ದಳು.

“ಹೆಂಗಾಗಿತ್ರಿ ಅತ್ತಿ?”

“ಆತು.”

ಮೂರನೆಯ ದಿನ ಪಾಂಡಪ್ಪ ಪರೀಕ್ಷೆಗೆ ಇಳಿದ. ಸೊಸೆಯನ್ನು ಕರೆದು, “ಆಕಿ ಚಾಕ್ಕ ಸಕ್ರಿ ಹಾಕಬ್ಯಾಡ” ಎಂದು ಪಿಸುಗುಟ್ಟಿದ. ಸಾವಂತ್ರೆವ್ವ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ಮೂವರೂ ಅವಳ ಗಂಟಲನ್ನೇ ನೋಡುತ್ತಿದ್ದರು.

“ಚಾ ಹೆಂಗೈತಿ?” ಪಾಂಡಪ್ಪ ಕೇಳಿದ.

“ಬಿಸಿ ಐತಿ.”

ಅವಳು ಲೋಟ ತೊಳೆಯಲು ಹೋದ ಮೇಲೆ ಪಾಂಡಪ್ಪ ಗದ್ದಕ್ಕೆ ಕೈ ಹಚ್ಚಿದ. “ನಾಲಿಗಿ ರುಚಿ ಹೋಗೇತಿ. ರಕ್ತಾ ತಪಾಸ ಮಾಡಸ್ರಿ.”

“ರುಚಿ ಹೋಗಿಲ್ಲ ಏನಿಲ್ಲ,” ಸುನಿಲ ತಲೆಯಾಡಿಸಿದ. “ಮುಂಡರಗಿ ತಂಗಿ ಮನಿಗೆ ಹೋಗಿ ಇರೂ ವಿಚಾರ ಮಾಡ್ಯಾಳ. ಹೋಗಾಕಿ ಯಾಕ ಮಾತಾಡ್ತಾಳ?” ಆಮೇಲೆ ಹೆಂಡತಿಯ ಕಡೆ ತಿರುಗಿದ. “ನೀ ಏನರ ಅಂದಿಯೇನು?”

“ನಾನಾ? ಹದಿನಾಲ್ಕು ವರ್ಷದಾಗ ಒಂದು ದಿನ ಎದುರು ಮಾತಾಡೀನೇನು?”

“ಅದಕ್ಕ ಕೇಳಾಕತ್ತೀನಿ. ಸುಮ್ಮಿದ್ದವರು ಒಮ್ಮೆ ಅಂದ್ರ ಎಲ್ಲಾ ಕೂಡೇ ಅಂತಾರ.”

ರೋಹಿಣಿಯ ಅನುಮಾನ ಬೇರೆಯಾಗಿತ್ತು. ಅತ್ತೆ ಮಗ್ಗದ ಖೋಲಿಗೆ ಬರುವುದನ್ನೇ ಬಿಟ್ಟಿದ್ದಳು. ಸಂಜೆ ಬಟ್ಟೆ ಸವರುತ್ತಿದ್ದ ಕೈ ಈಗ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿತ್ತು. ಮೊದಮೊದಲು ರೋಹಿಣಿಗೆ ಹಗುರವೆನಿಸಿದ್ದು ನಿಜ. ಆದರೆ ಒಂದು ಮುಂಜಾನೆ ಬಚ್ಚಲ ಹತ್ತಿರ ತಾಯಿ ಮಗ ತಲೆ ಕೂಡಿಸಿ ನಿಂತಿದ್ದನ್ನು ಕಂಡಳು. ಇವಳ ಹೆಜ್ಜೆ ಕೇಳಿದ್ದೇ ಇಬ್ಬರೂ ಬೇರೆಯಾದರು.

“ಏನ್ ಮಾತಾಡಾಕತ್ತಿದ್ರಿ?” ಆಮೇಲೆ ಗಂಡನನ್ನು ಕೇಳಿದಳು.

“ಏನಿಲ್ಲ. ‘ಆರಾಮ ಅದಿಯಿಲ್ಲೋ’ ಅಂತ ಕೇಳಿದೆ.”

“ಅದನ್ನ ಕೇಳಾಕ ಬಚ್ಚಲತನಾ ಹೋಗಬೇಕೇನು?”

ಸುನಿಲ ಬೈಕಿನ ಕೀಲಿ ಹುಡುಕತೊಡಗಿದ. ಕೀಲಿ ಅವನ ಕೈಯಲ್ಲೇ ಇತ್ತು. ಸೀರೆ ಪಾಸಾಗಬಾರದೆಂದು ಇಬ್ಬರೂ ಒಂದಾಗಿದ್ದಾರೆ ಎಂದು ರೋಹಿಣಿ ಅಂದೇ ತೀರ್ಮಾನಿಸಿದಳು.

ಮರುದಿನ ಮಧ್ಯಾಹ್ನ ನೇಯುವಾಗ ಉದ್ದಕ್ಕೆ ಬಿಗಿದ ಹಾಸಿನ ಒಂದು ಎಳೆ ಕಡಿಯಿತು. ಅವಳು ಅದನ್ನು ಹೊಸೆದು ಜೋಡಿಸಿ, ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ತೂರಿಸಿ, ಮತ್ತೆ ಲಾಳಿ ಎಸೆದಳು. ಅಡುಗೆಮನೆಯಲ್ಲಿ ಹಾಲು ಉಕ್ಕುವ ಸಪ್ಪಳ, ಹೊರಗೆ ಕಾಯಿಪಲ್ಯದ ಗಾಡಿಯ ಕೂಗು. ಎದ್ದು ಹೋದಳು, ಬಂದಳು, ನೇಯ್ದಳು.

ಮರುದಿನ ಬೆಳಿಗ್ಗೆ ಮಗ್ಗದ ಬಟ್ಟೆಯ ಅಂಚಿಗೆ ಒಂದು ಗೇಣು ಕೆಂಪು ದಾರ ಕಟ್ಟಿತ್ತು.

ರೋಹಿಣಿ ಬಾಗಿಲ ಕಡೆ ತಿರುಗಿ ನೋಡಿದಳು. ಸೆರಗಿನಲ್ಲಿ ಬೆರಳು ಮುಚ್ಚಿಕೊಂಡು ಅದನ್ನು ಬಿಚ್ಚಿ, ಹಿತ್ತಲಿನ ಗಟಾರಕ್ಕೆ ಎಸೆದಳು. ಎರಡು ದಿನದ ಮೇಲೆ ಮತ್ತೆ ಕೆಂಪು ದಾರ, ಅದೇ ಅಂಚಿಗೆ, ಈ ಸಲ ಎರಡು ಸುತ್ತು. ಅವತ್ತು ಸ್ನಾನ ಮುಗಿಸಿ ಬರುವಾಗ ಅತ್ತೆ ಮಗ್ಗದ ಖೋಲಿಯಿಂದ ಹೊರಬರುವುದನ್ನು ಕಣ್ಣಾರೆ ಕಂಡಿದ್ದಳು. ಅತ್ತೆ ಅವಳನ್ನು ನೋಡಿದಳು, ಏನೋ ಕೇಳುವಂತೆ ನಿಂತಳು, ನಡೆದಳು.

ಲಕ್ಷ್ಮೇಶ್ವರಕ್ಕೆ ಫೋನು ಹೋಯಿತು.

“ಕೆಂಪು ದಾರ?” ಆ ಕಡೆಯಿಂದ ತಾಯಿ ಸಿದ್ದಲಿಂಗವ್ವ ದನಿ ತಗ್ಗಿಸಿದಳು. “ಎಷ್ಟು ಸುತ್ತು?”

“ಎರಡು.”

“ಯವ್ವಾ! ಬರಿಗೈಲೆ ಮುಟ್ಟಬ್ಯಾಡ. ಲಿಂಬಿಹಣ್ಣು ನೀವಾಳಿಸಿ ಮಗ್ಗದ ಕುಣ್ಯಾಗ ಇಡು. ಬಾಯಿ ಮಾಡಾಕಿ ಸುಮ್ಮ ಆದ್ಲಂದ್ರ ಕೈ ಮಾಡಾಕತ್ಯಾಳ ಅಂತ ತಿಳ್ಕೊ.”

ರೋಹಿಣಿ ಆ ದಾರವನ್ನು ಕತ್ತರಿಯಿಂದ ಹಿಡಿದು ಹರಿದಳು, ಕುಣಿಯಲ್ಲಿ ನಿಂಬೆಹಣ್ಣು ಇಟ್ಟಳು. ಆಮೇಲೆ ದಾರ ಬರಲಿಲ್ಲ. ನಿಂಬೆಹಣ್ಣು ಕೆಲಸ ಮಾಡಿತೆಂದು ಅವಳು ನಂಬಿದಳು. ಆದರೂ ಪ್ರತಿ ರಾತ್ರಿ ಬಟ್ಟೆಯ ಮೇಲೆ ಸುಣ್ಣದ ಚುಕ್ಕೆ ಇಟ್ಟು, ಬೆಳಿಗ್ಗೆ ಅದು ಅಳಿಸಿದೆಯೇ ಎಂದು ನೋಡುವುದನ್ನು ಬಿಡಲಿಲ್ಲ.

ಮಗಳ ತಲೆಯಲ್ಲಿ ಮಾತ್ರ ಹೇನು ಹೆಚ್ಚಿದವು. ಆಯಿ ಈಗ ಸೀರಣಿಗೆ ಮುಟ್ಟುತ್ತಿರಲಿಲ್ಲ. ರೋಹಿಣಿ ತಾನೇ ಕೂತು ಗಂಟೆಗಟ್ಟಲೆ ಹುಡುಕಿದರೂ ಒಂದು ಸೀರು ಕೈಗೆ ಹತ್ತಲಿಲ್ಲ.

“ಅಲ್ಲೆಲ್ಲ ನೋಡ್ತಾರೇನು ಮಮ್ಮಿ? ಕಿವಿ ಹಿಂದ ನೋಡಬೇಕು. ಆಯಿ ಅಲ್ಲೇ ನೋಡ್ತಾಳ.”

“ಹಂಗಾರ ಆಯಿ ಕಡೇ ಹೋಗು!”

“ಹೋಗಿದ್ದೆ. ‘ನಿಮ್ಮವ್ವನ ಕೇಳು’ ಅಂದ್ಲು.”

ಸಂಕ್ರಾಂತಿಗೆ ಐದು ದಿನವಿರುವಾಗ ಪಕ್ಕದ ಮನೆಯ ರೋಶನಬಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಂಡು ತಂದಳು. ನೂಲಿನ ಬುಟ್ಟಿ ಇಳಿಸಿ, ಆಚೆ ಈಚೆ ನೋಡಿ, ರೋಹಿಣಿಯ ಕಿವಿಯ ಹತ್ತಿರ ಬಂದಳು.

“ರೋಹಿಣಿ, ನಿಮ್ಮತ್ತಿ ಸಿಟ್ಟು ಇಳೀತೇನವಾ?”

“ಯಾವ ಸಿಟ್ಟು?”

“ಖಬರ ಇಲ್ಲೇನು ನಿನಗ? ಟೀಚರು ನಿನ್ನ ಮಗಳ ಬುಕ್ಕು ಇಡೀ ವರ್ಗದ ಮುಂದ ಓದಿಸಿದ್ರಂತ. ನನ್ನ ಮೊಮ್ಮಗಳು ಮನಿಗೆ ಬಂದು ಹೇಳಿ ನಗಾಕತ್ತಿದ್ಲು. ನಿಮ್ಮತ್ತಿ ಕಟ್ಟಿ ಮ್ಯಾಲ ಇದ್ರು. ‘ಏನಂತ ಬರದಾರ? ಪೂರಾ ಹೇಳು’ ಅಂದ್ರು. ಎರಡು ಸಲ ಹೇಳಿಸಿದ್ರು. ಆಮ್ಯಾಲೆ ಒಂದ ಮಾತು ಅಂದ್ರು ನೋಡು. ‘ಇನ್ನ ಆ ಮನ್ಯಾಗ ಸೀರು ಆರಿಸಿದ್ರ ನನ್ನ ಕೈ ಮುರೀಲಿ’ ಅಂತ.”

ರೋಹಿಣಿಯ ಮುಖಕ್ಕೆ ರಕ್ತ ಏರಿತು. ನಾಚಿಕೆಯಾಯಿತು. ಆದರೆ ನಾಚಿಕೆಯ ಬೆನ್ನಿಗೇ ಅನುಮಾನಕ್ಕೊಂದು ಕಾರಣವೂ ಸಿಕ್ಕಂತಾಯಿತು. ಸಿಟ್ಟಿನವಳು ದಾರ ಕಟ್ಟಿದ್ದಾಳೆ. ಕ್ಷಮೆ ಕೇಳುವುದು ಸೀರೆ ಪಾಸಾದ ಮೇಲಿನ ಮಾತು ಎಂದುಕೊಂಡು ಕುಣಿಗೆ ಇಳಿದಳು.

ಭೋಗಿಯ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಬೆಳಿಗ್ಗೆ ಹನ್ನೊಂದಕ್ಕೆ ಮಲ್ಲಸಮುದ್ರದಿಂದ ಪ್ರಭುಲಿಂಗ ಬೈಕಿನಲ್ಲಿ ಬಂದ. ಸುನಿಲ ಅಂಗಡಿಗೆ ರಜೆ ಹಾಕಿದ್ದ. ಯಾಕೆಂದು ರೋಹಿಣಿ ಕೇಳಿದರೆ “ಸುಮ್ಮನ” ಎಂದಿದ್ದ.

ಪ್ರಭುಲಿಂಗ ಚಾಪೆಯ ಮೇಲೆ ಕೂತು ಚಹಾ ಕುಡಿದ. ಸೀರೆಯ ಎರಡು ಮಡಿಕೆ ಬಿಚ್ಚಿದ, ಸೆರಗು ಮುಟ್ಟಿದ, ಮಡಚಿದ.

“ಛಲೋ ಆಗೇತಿ ತಂಗೀ. ಏನೇನೂ ತಪ್ಪಿಲ್ಲ. ಇದನ್ನ ಸಂಘಕ್ಕ ಒಯ್ತೀನಿ.”

ರೋಹಿಣಿಗೆ ಉಸಿರು ಬಂತು. “ಮುಂದಿನ ತಿಂಗಳ ನೂಲು ಯಾವಾಗ ಕೊಡ್ತೀರಿ?”

“ಅದು ಏನಾಗೇತಂದ್ರ,” ಪ್ರಭುಲಿಂಗ ಲೋಟದ ತಳ ನೋಡಿದ. “ಈ ವರ್ಷ ಹೊಸಾ ಹೆಸರು ತಗೋಳಾಕ ಅವಕಾಶ ಇಲ್ಲ. ಮುಂದ ನೋಡೂಣು.”

“ಪ್ರಭುಲಿಂಗಾ, ಆ ಸೀರಿ ಬಿಚ್ಚು.”

ಎಲ್ಲರೂ ತಿರುಗಿ ನೋಡಿದರು. ಅಡುಗೆಮನೆಯ ಬಾಗಿಲಲ್ಲಿ ಸಾವಂತ್ರೆವ್ವ ನಿಂತಿದ್ದಳು. ನಾಲ್ಕು ವಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಗಟ್ಟಿ ಮಾತು ಅದು.

“ಯಕ್ಕಾ, ನೋಡೀನಲ್ಲ...”

“ನೀ ನೋಡಿದ್ದು ಚಾದ ಲೋಟಾ. ಇವರು ನೇಯ್ದ ಸೀರ್ಯಾಗ ನೊಣದ ಕಾಲಿನಷ್ಟು ಗಂಟಿದ್ರೂ ತಗದು ತೋರಸ್ತಿದ್ದಿ. ‘ಇಲ್ಲಿ ಸಡಲ ಆಗೇತಿ, ಅಲ್ಲಿ ಬಿಗಿ ಆಗೇತಿ’ ಅಂತ ತಾಸುಗಟ್ಟಲೆ ಜೀವಾ ತಿಂದು ಆಮ್ಯಾಲೆ ಒಯ್ತಿದ್ದಿ. ಇವತ್ತ ಏನೇನೂ ತಪ್ಪಿಲ್ಲಾ?” ಅವಳು ಸೀರೆ ಕಸಿದುಕೊಂಡು ಬಾಗಿಲ ಬಿಸಿಲಿಗೆ ಹಿಡಿದಳು. “ಬಾ ಇಲ್ಲೆ. ಎರಡು ಮೊಳದಿಂದ ತುದೀತನಾ ಗೆರಿ ಬಂದೈತಿ. ಹಣಿಗಿ ಒಂದು ಹಲ್ಲಿನ ಸಂದ್ಯಾಗ ಎಳಿ ಹೆಚ್ಚಾಗೇತಿ, ಮಗ್ಗಲ ಸಂದು ಖಾಲಿ. ಮೊಮ್ಮಗಳಿಗೂ ಕಾಣತೈತಿ.”

ಬಿಸಿಲಿನಲ್ಲಿ ಗೆರೆ ಕೂದಲಿನಂತೆ ಸೀರೆಯುದ್ದಕ್ಕೂ ಹರಿದಿತ್ತು. ರೋಹಿಣಿಗೆ ಎಳೆ ಕಡಿದ ಆ ಮಧ್ಯಾಹ್ನ, ಉಕ್ಕುವ ಹಾಲಿನ ಸಪ್ಪಳ ನೆನಪಾಯಿತು.

“ಸಣ್ಣ ಗೆರಿ ಯಕ್ಕಾ. ನಡೀತೈತಿ ಬಿಡು,” ಎಂದ ಪ್ರಭುಲಿಂಗ.

“ಅದ ನೋಡು!” ಸಾವಂತ್ರೆವ್ವನ ಬೆರಳು ಮೇಲೆದ್ದಿತು. “ತಪ್ಪು ತಗ್ಯಾಂವ ಮಾಲು ಒಯ್ಯಾಕ ಬಂದಿರ್ತಾನ. ‘ತಪ್ಪಿಲ್ಲ’ ಅನ್ನಾಂವ ಎದ್ದು ಹೋಗಾಕ ಬಂದಿರ್ತಾನ. ನೀ ಈ ಸೀರಿ ನೋಡಾಕ ಬಂದಿಲ್ಲ. ಯಾರು ಹೇಳಿ ಕಳಿಸ್ಯಾರ, ಅದನ್ನ ಹೇಳು.”

ಪ್ರಭುಲಿಂಗನ ಕಣ್ಣು ಸುನಿಲನ ಕಡೆ ಹೋಯಿತು. ಅಷ್ಟೇ ಸಾಕಾಯಿತು.

“ಲೇ ಸುನ್ಯಾ!” ಪಾಂಡಪ್ಪ ಗೋಡೆ ಹಿಡಿದು ಎದ್ದ.

“ಜಗಳಾ ಆಗಬಾರದು ಅಂತ ಮಾಡಿದೆ ಅಪ್ಪಾ,” ಸುನಿಲ ನೆಲ ನೋಡುತ್ತ ಹೇಳಿದ. “‘ಒಂದು ಸೀರಿ ಒಯ್ರಿ, ಛಲೋ ಐತಿ ಅನ್ರಿ, ಮುಂದ ಆಗಂಗಿಲ್ಲ ಅಂತ ಹೇಳ್ರಿ’ ಅಂದೆ. ಇಕಿಗೂ ಸಮಾಧಾನ, ನನಗೂ ಖೋಲಿ. ಮುಂದಿನ ವರ್ಷ ಹುಡುಗಿ ಒಂಬತ್ತನೇತ್ತ. ಎಲ್ಲಿ ಕುಂತು ಓದಬೇಕು?”

“ನಾ ಅಡಗಿಮನ್ಯಾಗ ಓದ್ತೀನಿ,” ಎಂದಳು ವಿದ್ಯಾಶ್ರೀ.

“ನೀ ಸುಮ್ಮಿರು!” ಎಂದು ಮೂವರು ಒಟ್ಟಿಗೆ ಗದರಿದರು.

ಆಗ ರೋಹಿಣಿಯ ಸಹನೆಯ ಕಟ್ಟೆಯೊಡೆಯಿತು. “ಅವರದಂತೂ ತಿಳೀತು. ನಿಮಗ ಗೆರಿ ಕಂಡಿತ್ತಲ್ರಿ ಅತ್ತಿ? ಯಾಕ ಸುಮ್ಮಿದ್ರಿ? ನನ್ನ ಮ್ಯಾಲಿನ ಸಿಟ್ಟಿಗೆ ಮಗ್ಗಾ ಹೋಗಲಿ ಅಂತೇನು?”

“ಸುಮ್ಮಿದ್ನ್ಯಾ? ಬಾಯಿಲೆ ಹೇಳಂಗಿಲ್ಲ ಅಂತ ಆಣಿ ಇಟ್ಕೊಂಡಿದ್ದೆ. ಅದಕ್ಕ ಅಂಚಿಗೆ ಕೆಂಪು ದಾರಾ ಕಟ್ಟಿದೆ, ಎರಡು ಸಲ. ಹರದು ಒಗದಾಕಿ ಯಾರು?”

“ದಾರಾ... ಅದು...” ರೋಹಿಣಿ ತಡವರಿಸಿದಳು. “ಅದು ಮಾಟಾ ಅಂತ...”

ಪಾಂಡಪ್ಪ ಹಣೆ ಬಡಿದುಕೊಂಡ. “ಅಯ್ಯ ತಂಗೀ! ಮಗ್ಗದ ಮ್ಯಾಲಿನ ಅರಿವ್ಯಾಗ ತಪ್ಪು ಕಂಡ್ರ, ಅದರ ನೇರಕ್ಕ ಅಂಚಿಗೆ ಕೆಂಪು ದಾರಾ ಕಟ್ಟೂದು ನಮ್ಮ ಮನಿ ರೂಢಿ. ನೇಯಾಕಿ ಕುಂತ ಕೂಡ್ಲೇ ಕಣ್ಣಿಗೆ ಬೀಳಲಿ ಅಂತ. ನಾ ನಿನಗ ಹೇಳಿದ್ದಿಲ್ಲೇನು?”

“ಇಲ್ರಿ ಮಾವಾರ.”

“ಎಲ್ಲಾ ಕಲಿಸಿದೆ, ಅದೊಂದು ಬಿಟ್ಟೆ. ಆಕಿ ಬಾಯಿಲೇ ಹೇಳ್ತಿದ್ಲಲ್ಲ, ದಾರದ ಕೆಲಸ ಎಲ್ಲಿತ್ತು?”

“ಮಾಟಾ!” ಸಾವಂತ್ರೆವ್ವ ಸೊಂಟಕ್ಕೆ ಕೈ ಕೊಟ್ಟಳು. “ಹಂಗಾರ ಕುಣ್ಯಾಗಿನ ಆ ಕೊಳತ ಲಿಂಬಿಹಣ್ಣು ನಿಂದಾ? ಇಡೀ ಖೋಲಿ ನಾರಾಕತ್ತಿತ್ತು, ಬಾಯಿ ಕಟ್ಕೊಂಡು ಕುಂತೀನಿ. ಮಾಟಾ ಮಾಡೂದಿದ್ರ ಈ ಪ್ರಭುಲಿಂಗಗ ಮಾಡ್ತಿದ್ದೆ, ನನ್ನ ಮನಿ ಮಗ್ಗಕ್ಕ ಮಾಡ್ತಿದ್ನೇನು?”

ಪ್ರಭುಲಿಂಗ ಚಪ್ಪಲಿ ಮೆಟ್ಟಿಕೊಂಡಿದ್ದ. ಹೊಸ್ತಿಲಲ್ಲಿ ನಿಂತು ಟೋಪಿ ಸರಿಮಾಡಿಕೊಂಡ. “ತಪ್ಪಾತು ಯಕ್ಕಾ. ಹಾಸು ಇನ್ನೂ ಮಗ್ಗದ ಮ್ಯಾಲೈತಿ. ಎಳಿ ಸರಿ ಮಾಡಿ ಇನ್ನೊಂದು ನೇಯಲಿ. ಶಿವರಾತ್ರಿಗೆ ಕನ್ನಡಕ ತಗೊಂಡು ಬರ್ತೀನಿ. ಪಾಸಾತಂದ್ರ ಹೆಸರು ಬರೀತೀನಿ, ಯಾರ ಮಾತೂ ಕೇಳಂಗಿಲ್ಲ.”

“ತಾಸೊತ್ತು ನೋಡಬೇಕು.”

“ಎರಡು ತಾಸು ನೋಡ್ತೀನಿ.”

ಬೈಕಿನ ಸಪ್ಪಳ ಓಣಿ ದಾಟಿತು. ಸುನಿಲ ಯಾರ ಕಡೆಯೂ ನೋಡದೆ ಹಿತ್ತಲಿಗೆ ಹೋಗಿ ಕೈಕಾಲು ತೊಳೆದು ಬಂದು ತಾಟಿನ ಮುಂದೆ ಕೂತ. ಅವನಿಗೆ ರೊಟ್ಟಿ ಕೊನೆಗೆ ಬಂತು. ರೋಹಿಣಿ ಒಲೆಯ ಮುಂದಿದ್ದಳು. ಅತ್ತೆಯ ಕ್ಷಮೆ ಕೇಳುವ ಮಾತನ್ನು ಮುಂದಿನ ರೊಟ್ಟಿಗೆ, ಅದರ ಮುಂದಿನ ರೊಟ್ಟಿಗೆ ಎಂದು ಮುಂದೂಡುತ್ತಿದ್ದಳು.

“ಆ ಬುಕ್ಕು ತಾ,” ಸಾವಂತ್ರೆವ್ವ ಮೊಮ್ಮಗಳಿಗೆ ಹೇಳಿದಳು. “ಓದು.”

ವಿದ್ಯಾಶ್ರೀ ತಾಯಿಯ ಮುಖ ನೋಡಿ, ನೋಟ್‌ಬುಕ್ಕು ತೆರೆದು, ಸಣ್ಣ ದನಿಯಲ್ಲಿ ಓದಿದಳು. ಸೋಮವಾರದ್ದಕ್ಕೆ ಆಯಿ ತಲೆಯಾಡಿಸಿದಳು. ಮಂಗಳವಾರಕ್ಕೆ ಕೈ ಎತ್ತಿದಳು.

“ಪುಂಡಿಪಲ್ಯಕ್ಕ ಉಪ್ಪು ಹೆಚ್ಚಾಗಿದ್ದಿಲ್ಲ, ಕಡಿಮಿ ಆಗಿತ್ತು. ತಿದ್ದು. ಬರದ್ರ ಖರೆ ಬರೀಬೇಕು.”

ಹುಡುಗಿ ತಿದ್ದಿದಳು. ಓದುತ್ತ ಹೋದಳು. ಶನಿವಾರದ ಸಾಲು ಬಂತು.

“ಅದು ಅರ್ಧಾ ಐತಿ,” ಎಂದಳು ಸಾವಂತ್ರೆವ್ವ. “ಉಳಿದಿದ್ದೆಲ್ಲಾ ಹೋಗಲಿ. ಸೀರು ಆರಿಸಾಕಿ ಅಂದ್ರೂ ಹೋಗಲಿ, ಆ ಕೆಲಸ ನಂದ. ಆದ್ರ ಆ ಮಾತು ಅರ್ಧಾ ಬರಸ್ಯಾರ. ಪೂರಾ ಏನಂದಿದ್ದೆ, ನಿಮ್ಮವ್ವಗ ನೆನಪೈತೇನು ಕೇಳು.”

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

“‘ಕೈ ಹದಾ ಐತಿ’ ಅಂದಿದ್ರಿ,” ರೋಹಿಣಿ ತಿರುಗದೆಯೇ ಹೇಳಿದಳು. “‘ಇವರ ಕೈಯೂ ಇಷ್ಟು ಹದಾ ಇದ್ದಿದ್ದಿಲ್ಲ’ ಅಂದಿದ್ರಿ.”

ಪಾಂಡಪ್ಪ ತುತ್ತು ನಿಲ್ಲಿಸಿ ಹೆಂಡತಿಯನ್ನು ನೋಡಿದ. ಅವಳು ಅವನ ಕಡೆ ನೋಡಲಿಲ್ಲ.

“ಮೊದಲ ಅದನ್ನ ಬರಿ,” ಎಂದಳು ಮೊಮ್ಮಗಳಿಗೆ. “ಕಣ್ಣಿನ ಮಾತು ಅದರ ಕೆಳಗ. ಉಂಡ ಮ್ಯಾಲ ಸೀರಣಗಿ ತಗೊಂಡು ಬಾ, ತಲಿ ಹಾಳ ಮಾಡಿಟ್ಟಾರ.” ಆಮೇಲೆ ತಾಟಿನಿಂದ ರೊಟ್ಟಿಯೆತ್ತಿ ಒಲೆಯ ಕಡೆ ಚಾಚಿದಳು. “ಇದು ನಡುವ ಹಸಿ ಐತಿ.”

ರೋಹಿಣಿ ರೊಟ್ಟಿ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. ನಡುವೆ, ಬೆರಳಿನಗಲ, ಹಸಿಯೇ ಇತ್ತು.